ಓದದೆ ಹಾಕಿದ ಸಹಿ

ನಮ್ಮ ಅಡುಗೆಮನೆಯ ಕಿಟಕಿಯಿಂದ ಒಂದು ದಪ್ಪ ವೈರು ಹೊರಬಿದ್ದು, ನುಗ್ಗೆಗಿಡದ ಬುಡ ಬಳಸಿಕೊಂಡು, ಅಂಗಳದಲ್ಲಿ ನಿಂತ ಕಾರಿನ ಹೊಟ್ಟೆ ಸೇರುತ್ತದೆ. ಕಾರು ಕರೆಂಟು ಕುಡಿಯುವ ಹೊತ್ತಿನಲ್ಲಿ ಮಿಕ್ಸರ್ ಹಚ್ಚಬಾರದೆಂಬುದು ನನ್ನ ಕಟ್ಟಳೆ. "ನಿಮ್ಮ ಗಾಡಿ ಉಂಡ ಮ್ಯಾಲೇ ನಾವು ಉಣ್ಣೂದೇನ್ರಿ?" ಎಂಬುದು ನನ್ನ ಹೆಂಡತಿಯ ನಿತ್ಯದ ಪ್ರಶ್ನೆ. ಮರಾಠಿ ಸೀಮೆಯ ಉದಗೀರದ ನಮ್ಮ ಓಣಿಯಲ್ಲಿ ಇಂಥ ಕಾರು ಇದೊಂದೇ ಆದ್ದರಿಂದ ನನಗೂ ತುಸು ಜಂಬ. ಆದರೆ ಗೆಳೆಯರೇ, ಆ ವೈರಿನ ಮೇಲೆ ಕಣ್ಣು ಬಿತ್ತೆಂದರೆ ಜಂಬವೆಲ್ಲ ಇಳಿದುಹೋಗುತ್ತದೆ. ಯಾಕೆಂದು ನಿಮ್ಮೆದುರಾದರೂ ಹೇಳಿಬಿಡುತ್ತೇನೆ.

ಆ ವೈರು ಎಳೆದವನು ಮಹಾರುದ್ರ. ನಿಲಂಗಾದ ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತವನು, ಈಗ ಅವನ ತಲೆಯೂ ನರೆತಿದೆ. ಅಪ್ಪನ ಕಿರಾಣಿ ಅಂಗಡಿಯ ಅರ್ಧ ಗೋಡೆ ಒಡೆಸಿ, ಗಾಜು ಹಾಕಿಸಿ, ವಿದ್ಯುತ್ ಕಾರಿನ ಏಜೆನ್ಸಿ ಹಿಡಿದಿದ್ದ. ಒಳಗೆ ನಿಲ್ಲುತ್ತಿದ್ದದ್ದು ಒಂದೇ ಕಾರು. ನನಗೆ ಕಾರು ಮಾರಿದ ದಿನ ಮನೆಯ ವೈರಿಂಗ್ ನೋಡಿ ತಲೆಯಾಡಿಸಿದ; ಅಂಗಳದಲ್ಲಿ ತಾನೇ ಗುಂಡಿ ತೋಡಿ, ಉಪ್ಪು ಇದ್ದಿಲು ಸುರಿದು, ಅರ್ಥಿಂಗ್ ಮಾಡಿಕೊಟ್ಟ. "ಗಾಡೀದು ಆಮ್ಯಾಲ ನೋಡೂಣ್ರಿ ಗುರೂಜಿ, ಮೊದಲ ಮನ್ಯಾಗಿನ ಮಂದಿಗೆ ಶಾಕ್ ಹೊಡೀಬಾರ್ದು" ಎಂದ.

ಅದಕ್ಕೂ ಮುಂಚೆ ನಾನು ಲಾತೂರಿನ ದೊಡ್ಡದೊಂದು ಶೋರೂಮಿಗೆ ಹೋಗಿದ್ದೆ. ಅಲ್ಲಿನ ಟೈ ಕಟ್ಟಿದ ಮನುಷ್ಯ ವಿದ್ಯುತ್ ಕಾರನ್ನು ಮೂಲೆಯಲ್ಲಿ ಧೂಳು ತಿನ್ನಲು ಬಿಟ್ಟು, ಡೀಸೆಲ್ ಕಾರಿನ ಬಾಗಿಲನ್ನೇ ಮತ್ತೆ ಮತ್ತೆ ತೆಗೆದು ತೋರಿಸಿದ. ಎಣ್ಣೆ ಬದಲಿಸುವ ಗೊಡವೆಯಿಲ್ಲದ ಗಾಡಿ ಮಾರಿದರೆ ಅವನ ಗ್ಯಾರೇಜಿಗೆ ಕೆಲಸವೆಲ್ಲಿಂದ ಬರಬೇಕು? ನನಗೆ ಮೈಯೆಲ್ಲ ಉರಿಯಿತು. ಮಹಾರುದ್ರನಲ್ಲಿ ಕಾರು ಕೊಂಡ ಮೇಲೂ ಆ ಉರಿ ಆರಲಿಲ್ಲ. ನಿವೃತ್ತ ಮೇಷ್ಟ್ರ ಸಿಟ್ಟಿಗೆ ಬಿಡುವು ಜಾಸ್ತಿ ನೋಡಿ. ಮಾಡುವವನಿಗೂ ಕೊಳ್ಳುವವನಿಗೂ ನಡುವೆ ಮತ್ತೊಬ್ಬನೇಕೆ, ಕಂಪನಿಗಳು ವಿದ್ಯುತ್ ಕಾರನ್ನು ಗಿರಾಕಿಗೆ ನೇರವಾಗಿಯೇ ಮಾರಲಿ, ಸರ್ಕಾರ ಅದಕ್ಕೆ ಅನುವು ಮಾಡಿಕೊಡಲಿ ಎಂದು ಶಾಸಕರಿಗೆ ಮರಾಠಿಯಲ್ಲಿ ಒಂದು ಮನವಿ ಬರೆದೆ. ನಮ್ಮಪ್ಪ ಇದೇ ಊರಿನ ಧಾನ್ಯದ ಪೇಟೆಯಲ್ಲಿ, ಮಾರುವ ರೈತನಿಗೂ ಕೊಳ್ಳುವ ಸಾಹುಕಾರನಿಗೂ ನಡುವೆ ಕುಳಿತೇ, ಇಬ್ಬರ ಬೈಗುಳವನ್ನೂ ತಿಂದು ನಮ್ಮನ್ನು ಸಾಕಿದ್ದು ಬರೆಯುವಾಗ ನೆನಪಾಗಲೇ ಇಲ್ಲ.

ಉಮರ್ಗಾದಿಂದ ಜಳಕೋಟದವರೆಗೆ ಸಹಿಗಾಗಿ ತಿರುಗಿದೆ. ನಮ್ಮ ಪೇಟೆಗಳ ರೀತಿ ನಿಮಗೆ ತಿಳಿದಿರಲಿಕ್ಕಿಲ್ಲ: ಗುರೂಜಿ ತಂದ ಕಾಗದವನ್ನು ಓದಿ ಸಹಿ ಮಾಡಿದರೆ ಗುರೂಜಿಯ ಮೇಲೆ ಸಂಶಯಪಟ್ಟ ಹಾಗೆ. ಬೇಳೆ ತೂಗುತ್ತ, ಬಟ್ಟೆ ಹರಿಯುತ್ತ, ಕಾಗದದ ಕಡೆ ನೋಡದೆಯೇ ಸಹಿ ಹಾಕಿಕೊಟ್ಟರು. ಮಹಾರುದ್ರನ ಗಾಜಿನ ಅಂಗಡಿಯ ಮುಂದೆ ನನ್ನ ಕಾಲು ತಡೆಯಿತು. ದಾಟಿ ಹೋಗಬಹುದಿತ್ತು. ಆದರೆ ಮಾರುವವನೇ ಒಪ್ಪಿದ್ದಾನೆಂದರೆ ಮನವಿಗೆ ತೂಕ ಬರುತ್ತದಲ್ಲ! ಒಳಗೆ ಹೋದೆ. "ಓದಿ ನೋಡೋ" ಎಂದೆ. ಓದುವುದಿಲ್ಲವೆಂದು ಗೊತ್ತಿದ್ದೇ ಎಂದೆ.

"ನೀವು ತಂದೀರಿ ಅಂದ ಮ್ಯಾಲ ನಾ ಏನ್ ಓದ್ಲಿರಿ?" ಎಂದು ನಕ್ಕು, ಸಹಿ ಹಾಕಿ, ಚಹಾ ತರಿಸಿದ. ಥೂ, ಆ ಚಹಾವನ್ನೂ ಕುಡಿದೇ ಬಂದೆ!

ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಕಂಪನಿಯ ಇಂಗ್ಲಿಷ್ ಪತ್ರ ಹಿಡಿದು ನಮ್ಮ ಮನೆಗೆ ಬಂದ. "ಇದರಾಗ ಏನ್ ಬರದಾರ, ಓದಿ ಹೇಳ್ರಿ ಗುರೂಜಿ." ಓದಿದೆ. ಇನ್ನು ಮುಂದೆ ಕಂಪನಿ ತನ್ನ ಕಾರುಗಳನ್ನು ಫೋನಿನ ಮೂಲಕ ತಾನೇ ಮಾರುತ್ತದೆ, ಜನರ ಬೇಡಿಕೆಯೂ ಅದೇ ಆಗಿದೆ, ಸಣ್ಣ ಊರುಗಳ ಏಜೆನ್ಸಿಗಳು ಈ ತಿಂಗಳಿಗೆ ಮುಗಿದವು. ನಮ್ಮ ಮನವಿ ಅಲ್ಲಿಯತನಕ ಮುಟ್ಟಿತ್ತೋ ಇಲ್ಲವೋ, ದೇವರೇ ಬಲ್ಲ. ಆದರೂ ಜನರ ಬೇಡಿಕೆ ಎಂಬಲ್ಲಿಗೆ ಬಂದಾಗ ನನ್ನ ನಾಲಿಗೆ ತಡವರಿಸಿತು.

ಅವನು ಪತ್ರವನ್ನು ನನ್ನ ಕೈಯಿಂದ ಇಸಿದುಕೊಂಡ. ಆಮೇಲೆ ಮೇಜಿನ ಮೇಲಿದ್ದ ಖಾಲಿ ಹಾಳೆಯೊಂದನ್ನು ಎಳೆದುಕೊಂಡು, ಅದರ ಕೆಳತುದಿಯಲ್ಲಿ ಸಹಿ ಮಾಡಿ ನನ್ನ ಮುಂದಿಟ್ಟ. "ಇದು ಆಗಬಾರ್ದು ಅಂತ ಒಂದು ಅರ್ಜಿ ಬರೀರಿ. ಮ್ಯಾಲ ಏನ್ ಬರೀಬೇಕೋ ನಿಮಗ ಗೊತ್ತದ. ಆ ಅಂಗಡಿ ಬಿಟ್ರ ನಂದೇನದ್ರಿ?"

ಆ ಹಾಳೆಯನ್ನು ಮುಟ್ಟಲು ನನಗೆ ಧೈರ್ಯವಾಗಲಿಲ್ಲ. ಎದ್ದು ಹೋಗಿ, ಕಪಾಟಿನಲ್ಲಿದ್ದ ಮನವಿಯ ಪ್ರತಿ ತಂದು ಅವನ ಕೈಗಿಟ್ಟೆ. "ಇದನ್ನ ಓದು, ಮಹಾರುದ್ರಾ. ಈ ಸಲ ಓದಲಿಕ್ಕೇ ಬೇಕು." ಓದಿದ, ಸಾಲಿನ ಕೆಳಗೆ ಬೆರಳಿಟ್ಟು, ನಿಧಾನವಾಗಿ. ಬೆರಳು ಅವನದೇ ಸಹಿಯ ಬಳಿ ಬಂದು ನಿಂತಿತು.

"ಆವತ್ತೇ ಹೇಳಿದ್ರ ನಾ ನಿಮ್ಮ ಜೋಡಿ ಜಗಳಾಡ್ತಿದ್ದೆ, ಅಷ್ಟೇ ಅಲ್ಲೇನ್ರಿ" ಎಂದ. "ನಿಮ್ಮನ್ನ ಬಿಟ್ಟು ಹೋಗ್ತಿದ್ನೇನು?"

ವಾದಕ್ಕೆ ಕುಳಿತರೆ ನಾನು ಇಂದಿಗೂ ಸೋಲುವವನಲ್ಲ, ಗೆಳೆಯರೇ. ನೇರ ಮಾರಾಟ ಬರಬೇಕೆಂದೇ ಈಗಲೂ ನಂಬಿದ್ದೇನೆ. ಅದನ್ನು ಅವನೆದುರು ನಿಂತು ನೇರವಾಗಿ ಹೇಳುವುದೊಂದು ನನ್ನಿಂದಾಗಲಿಲ್ಲ. ತಪ್ಪಾಯಿತು ಎಂದೆ. ಆ ಮಾತು ಅವನಿಗೆ ಕೇಳಿಸಿತೋ ಇಲ್ಲವೋ, ಮೇಲೆದ್ದ. ಸಹಿ ಮಾಡಿದ ಆ ಖಾಲಿ ಹಾಳೆಯನ್ನು ನನ್ನ ಮುಂದಿನಿಂದ ಎತ್ತಿಕೊಂಡು, ಮಡಚಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡ.

"ಇದು ನಾನೇ ಬರಕೋತೀನ್ರಿ, ಗುರೂಜಿ."