ನೆಲ ಬಿರಿದಿಲ್ಲ, ಕಾಗದ ಮಡಿಸಿದೆ

ಬೆಳಗಿನ ಆರಕ್ಕೆ ಭೂವಿಜ್ಞಾನ ಕಚೇರಿಯ ನಕ್ಷೆಕೋಣೆಯ ಬೀಗ ತೆಗೆಯುವ ಈ ಅಕ್ಕನನ್ನು ಕಂಡರೆ ಧೂಳು ತಾನಾಗಿಯೇ ಕಿಟಕಿ ಹಾರಿ ಓಡುತ್ತದೆ. ನಂಬದವರು ಬಂದು ನೋಡಲಿ! ಇಪ್ಪತ್ತೆರಡು ವರ್ಷದಿಂದ ಇಲ್ಲಿ ಅಟೆಂಡರ್. ದಿನಕ್ಕೆ ಅರವತ್ತು ನಕ್ಷೆ ಬಿಚ್ಚುತ್ತಾರೆ, ಅರವತ್ತು ಮಡಿಸುತ್ತಾರೆ. ಭೂಮಂಡಲವನ್ನೇ ಹತ್ತು ಸಲ ಮಡಚಿ ಬೀರುವಿಗೆ ತುರುಕಿದ ಕೈ ಅದು.

ಆದರೂ ಕಳೆದ ವರ್ಷದವರೆಗೆ ಅವರ ಪಾಲಿಗೆ ನಕ್ಷೆಯೆಂದರೆ ಬಣ್ಣದ ಕಾಗದ, ಅಷ್ಟೆ. ಓದಲು ಕೂರಿಸಿದ್ದು ಒಂದು ನೋಟಿಸು. ಅವರ ಬೀದಿಯ ಅಡಿಯಲ್ಲಿ ನೆಲ ಸೀಳಿದೆ, ನಕ್ಷೆಯಲ್ಲಿ ಕಪ್ಪು ಗೆರೆಯಿದೆ, ಮೂವತ್ತೊಂದು ಮನೆ ಖಾಲಿ ಮಾಡಿ ಎಂದಿತ್ತು ಅದು.

"ನೆಲ ಬಿರಿದಿದ್ರೆ ಮೊದ್ಲು ನಮ್ಮತ್ತೆಗೆ ಗೊತ್ತಾಗ್ತಿತ್ತು. ಪಕ್ಕದ ಮನೇಲಿ ಸೂಜಿ ಬಿದ್ರೂ ಕೇಳುತ್ತೆ ಅವ್ರಿಗೆ," ಎನ್ನುತ್ತಾರೆ ಅಕ್ಕ.

ಹಠ ಹಿಡಿದರೆ ಬಂಡೆಯೂ ಬೆವರಬೇಕು, ಅಂಥ ಹೆಂಗಸು. ಊಟದ ಬಿಡುವಿನಲ್ಲಿ ಹಿರಿಯ ನಕ್ಷೆಗಾರರ ಎದುರು ಸ್ಟೂಲ್ ಎಳೆದು ಕೂತರು. ಅವರ ಪಾಠವೂ ನೇರ: "ಒಂದೊಂದು ಬಣ್ಣ ಒಂದೊಂದು ಕಲ್ಲು ಕಣಮ್ಮ. ನೆಲ ಸೀಳಿ ಜರುಗಿದ್ರೆ ಬಣ್ಣದ ಪಟ್ಟಿನೂ ಜರುಗಿರುತ್ತೆ. ಪಟ್ಟೆ ಬಟ್ಟೆ ಹರಿದು ಅಡ್ಡಾದಿಡ್ಡಿ ಹೊಲಿದ ಹಾಗೆ."

ನಲವತ್ತು ದಿನ, ಮೂರು ನೋಟ್‌ಬುಕ್. ಆಮೇಲೆ ತಮ್ಮ ಬೀದಿಯ ನಕ್ಷೆ ಬಿಚ್ಚಿ ಹರಡಿದರು. ಹಸಿರು, ಹಳದಿ, ಗುಲಾಬಿ ಪಟ್ಟಿಗಳು ಕಪ್ಪು ಗೆರೆಯನ್ನು ದಾಟುತ್ತವೆ, ಕೂದಲೆಳೆಯಷ್ಟೂ ಜರುಗಿಲ್ಲ! ಗೆರೆಯಿರುವುದೋ ಕಾಗದದ ನಟ್ಟನಡುವೆ. ಬೆರಳಾಡಿಸಿದ ಕೂಡಲೇ ಅಕ್ಕನಿಗೆ ನೆನಪಾಯಿತು. ಕೆಲಸಕ್ಕೆ ಸೇರಿದ ಮೊದಲ ವಾರ ತಾವೇ ತಪ್ಪಾಗಿ ಮಡಿಸಿದ ಹಾಳೆ. ಮಡಿಸಿದ ಗುರುತಿಗೆ ಕೊಳೆ ಕೂತಿತ್ತು. ಅದನ್ನೇ ಬಿರುಕೆಂದು ಯಾರೋ ಪುಣ್ಯಾತ್ಮರು ಶಾಯಿ ಎಳೆದಿದ್ದರು.

"ಬಾಯಿ ಬಿಟ್ರೆ ಕೆಲ್ಸ ಹೋಗುತ್ತೆ," ಎಂದರು ನಕ್ಷೆಗಾರರು.

"ಮೂವತ್ತೊಂದು ಮನೆ ಹೋಗೋ ಬದ್ಲು ಒಂದು ಕೆಲ್ಸ ಹೋಗ್ಲಿ ಬಿಡಿ ಸಾರ್."

ನೇರ ಹೋಗಿ ಮೇಲಧಿಕಾರಿಯ ಮೇಜಿನ ಮೇಲೆ ಹಾಳೆ ಹರಡಿದರು. ಫ್ಯಾನು ಕೂಡ ತಿರುಗುವುದನ್ನು ಮರೆತು ಕೇಳಿತಂತೆ.

"ನಿಂಗೆ ನಕ್ಷೆ ಓದೋಕೆ ಬರುತ್ತೇನಮ್ಮ?"

"ಬರುತ್ತೆ ಸಾರ್. ತಪ್ಪು ಮಡಿಸಿದ್ದೂ ನಾನೇ."

ಬೀದಿಯ ಕೊನೆಯಲ್ಲಿ ಕಂದಕ ತೋಡಿ ನೋಡಿದರು. ಕಲ್ಲಿನ ಪದರ ಅಖಂಡ. ನೋಟಿಸು ವಾಪಸಾಯಿತು, ತಪ್ಪು ಮಡಿಸಿದ್ದಕ್ಕೆ ಅಕ್ಕನಿಗೆ ಒಂದು ಮೆಮೊ ಬಂತು. ಅತ್ತೆ ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ!

ನಿಮ್ಮ ಆಸೆ ಏನಕ್ಕಾ ಎಂದರೆ ಗೋಡೆಯುದ್ದದ ಬೀರು ನೋಡುತ್ತಾರೆ. "ನಕ್ಷೆ ಸುತ್ತಿಡೋಕೆ ಕೊಳವೆ ಕೊಡ್ಸಿ ಅಂತ ಬರೀರಿ. ಓದೋಕೆ ಬಂದ್ಮೇಲೆ ಮಡಿಸೋಕೆ ಕೈ ಬರಲ್ಲ."