ಬ್ರೋನ್ಯಾ ಹೇಳಿದ ರಸ್ತೆ ಸುದ್ದಿ

ನನ್ನ ಅತ್ತಿಗೆಯನ್ನು ಬ್ರೋನಿಸ್ವಾವಾ ಕುಲಿಕ್ ಎಂಬ ಪೂರ್ತಿ ಹೆಸರಿನಿಂದ ಕರೆದವರು ಇಬ್ಬರೇ. ಒಬ್ಬರು ಮದುವೆ ಮಾಡಿಸಿದ ಪಾದ್ರಿ, ಇನ್ನೊಬ್ಬ ಅಂಗಡಿಗೆ ಲೈಸೆನ್ಸ್ ಕೊಟ್ಟ ಗುಮಾಸ್ತ. ನಮ್ಮ ಪೋಲೆಂಡಿನಲ್ಲಿ ರಾದೋಮ್‌ನಿಂದ ಕಿಯೆಲ್ತ್ಸೆ ಕಡೆಗೆ ಲಾರಿ ಓಡಿಸುವವರಿಗೆಲ್ಲ ಅವಳು ಬ್ರೋನ್ಯಾ ಅಕ್ಕ. ಅತ್ತಿಗೆಯಾದರೂ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಹಾಗಾಗಿ ನನ್ನ ಬಾಯಿಗೆ ಏಕವಚನವೇ ಬರುತ್ತದೆ. ಒಲ್ಶಾಂಕಾದಲ್ಲಿ ಹಳೇ ರಸ್ತೆಯ ಪಕ್ಕ ಅವಳ ಊಟದ ಅಂಗಡಿ, ಅದಕ್ಕೆ ಅಂಟಿಕೊಂಡ ಹಾಗೆ ನನ್ನ ಪಂಕ್ಚರ್ ಅಂಗಡಿ. ಅವಳಲ್ಲಿ ಹುಳಿ ಝುರೆಕ್ ಸಾರು ಕುಡಿದವನು ನನ್ನಲ್ಲಿ ಟೈರಿಗೆ ಗಾಳಿ ಹಾಕಿಸಿಕೊಂಡು ಹೋಗುತ್ತಾನೆ. ಅವಳ ಒಲೆ ಆರಿದರೆ ನನ್ನ ಹೊಟ್ಟೆಗೂ ತಣ್ಣೀರು ಬಟ್ಟೆಯೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಾನು ಅವಳನ್ನು ಹೊಗಳಿದರೆ ಯಾಕೆ ಅಂತ ಕೇಳಬೇಡಿ.

ಅವಳು ರೇಡಿಯೊ ಹಿಡಿದದ್ದು ಲೋಕಸೇವೆಗಲ್ಲ, ಗಂಡನನ್ನು ಹಿಡಿಯುವುದಕ್ಕೆ. ನನ್ನ ಅಣ್ಣ ಝೆನೋನ್ ಆಗ ಲಾರಿ ಓಡಿಸುತ್ತಿದ್ದ. ಮಧ್ಯಾಹ್ನದ ಊಟಕ್ಕೆ ಬರುತ್ತೇನೆ ಅಂದವನು ಆಲೂಗೆಡ್ಡೆ ಆರಿ ಕಲ್ಲಾದ ಮೇಲೆ ಬರುತ್ತಿದ್ದ. ಕೇಳಿದರೆ, ರಸ್ತೆ ಸರಿಯಿಲ್ಲ. ಬ್ರೋನ್ಯಾ ಜಗಳ ಆಡಲಿಲ್ಲ. ಲಾರಿಯವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಸಿಬಿ ರೇಡಿಯೊ ಒಂದನ್ನು ತಂದು ಅಡುಗೆಮನೆಯ ಕಪಾಟಿನ ಮೇಲೆ ಕೂರಿಸಿದಳು. ನಾನೇ ಚಿಮಣಿಗೆ ತಂತಿ ಕಟ್ಟಿಕೊಟ್ಟೆ.

"ಝೆನೋನ್, ಎಲ್ಲಿದೀಯ?" ಅಂದಳು ಮೊದಲ ದಿನ.

"ಬರ್ತಾ ಇದೀನಿ ಕಣೇ. ರಾದೋಮ್ ದಾಟಿ ಎಷ್ಟೋ ಹೊತ್ತಾಯ್ತು."

ಅಷ್ಟರಲ್ಲಿ ಗುರುತಿಲ್ಲದ ದನಿಯೊಂದು ನಡುವೆ ಬಾಯಿ ಹಾಕಿತು. "ನಂಬಬೇಡಿ ಅಕ್ಕ. ನೀಲಿ ಲಾರಿ ತಾನೆ? ಪೆಟ್ರೋಲ್ ಬಂಕ್ ಹಿಂದೆ ನನ್ ಜೊತೆ ಇಸ್ಪೀಟ್ ಆಡ್ತಿದ್ರು. ನಿಮಗೆ ಉತ್ತರ ಕೊಡೋಕೆ ಅಂತ ಈಗ ಲಾರಿ ಹತ್ತಿದಾರೆ."

ಹಾಗೆ ಬಾಯಿ ಹಾಕಿದವನಿಗೆ ರೇಡಿಯೊದಲ್ಲಿ ಕೊಕ್ಕರೆ ಅಂತ ಹೆಸರು. ಕಾಲು ಹಾಗಿವೆ. ಅವತ್ತು ಅವನು ಒಂದು ಸಂಸಾರ ಒಡೆದನೋ ಉಳಿಸಿದನೋ ಹೇಳಲಾರೆ. ಝೆನೋನ್ ಮಾತ್ರ ಅಂದಿನಿಂದ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಂದ, ಹಿಂದೆಯೇ ಕೊಕ್ಕರೆಯೂ ಬಂದ.

ಗಂಡ ದಾರಿಗೆ ಬಂದ ಮೇಲೆ ರೇಡಿಯೊಗೆ ಕೆಲಸ ಬೇಕಲ್ಲ, ಬ್ರೋನ್ಯಾ ರಸ್ತೆ ಸುದ್ದಿ ಹೇಳತೊಡಗಿದಳು. ಎಲ್ಲಿ ಮರ ಬಿದ್ದಿದೆ, ಎಲ್ಲಿ ಮಂಜು ಕವಿದಿದೆ, ಎಲ್ಲಿ ಕರಡಿಗಳು ಹೊಂಚು ಹಾಕಿವೆ. ಕರಡಿಗಳೆಂದರೆ ಪೊಲೀಸರು. ಅವರೂ ಪಾಪ ಅವಳಲ್ಲೇ ಊಟ ಮಾಡುತ್ತಿದ್ದರು. ಅವರು ಕಟ್ಲೆಟ್ ಕತ್ತರಿಸುತ್ತಿರುವಾಗಲೇ, ಅವರೆದುರಿಗೇ, "ಕರಡಿಗಳು ಊಟಕ್ಕೆ ಕೂತಿವೆ, ರಸ್ತೆ ಖಾಲಿ ಇದೆ" ಅಂತ ಹೇಳುತ್ತಿದ್ದಳು. ಎದ್ದು ಹೋದ ಕೂಡಲೇ ಅದನ್ನೂ ಹೇಳುತ್ತಿದ್ದಳು. ಅವಳದು ಒಂದೇ ಹಠ: ಕಂಡದ್ದನ್ನು ಮಾತ್ರ ಹೇಳಬೇಕು, ಉಪ್ಪುಖಾರ ಹಚ್ಚಬಾರದು. ಬ್ರೋನ್ಯಾ ಹೇಳಿದಳು ಅಂದರೆ ಮುಗಿಯಿತು, ಬೈಬಲ್ ಮೇಲೆ ಕೈಯಿಟ್ಟು ಹೇಳಿದ ಹಾಗೆ.

ಆಮೇಲೆ ನಮ್ಮ ರಸ್ತೆಗೆ ಬುದ್ಧಿ ಬರತೊಡಗಿತು. ಮೊದಲು ಚಳಿ ಅಳೆಯುವ ಕಂಬ ನೆಟ್ಟರು. ಆಮೇಲೆ ಡಾಂಬರು ಕೊರೆದು ಗಾಡಿ ಎಣಿಸುವ ತಂತಿ ಹೂತರು. ಊರ ಆಚೆ ಬಂದ ಹೊಸ ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸದೇ ಸುಂಕ ವಸೂಲಿ ಮಾಡುವ ಕಮಾನುಗಳು ಎದ್ದವು. ಬ್ರೋನ್ಯಾ ಒಂದೊಂದನ್ನೂ ಹೊಸದಾಗಿ ಬಂದ ಸವತಿಯನ್ನು ನೋಡಿದಂತೆ ನೋಡಿದಳು. ರಸ್ತೆ ಜಾರುತ್ತದೆ ಅಂತ ಆ ಕಂಬದ ಫಲಕ ಬೆಳಗಿದರೆ, ಚಪ್ಪಲಿಯಲ್ಲೇ ಹೊರಗೆ ಹೋಗಿ ಜಾರಿ ನೋಡಿ ಬರುವಳು. ಹೆಚ್ಚಿನ ಸಲ ಕಂಬ ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ಅವಳಿಗೆ ಸಿಟ್ಟು ಬರುತ್ತಿದ್ದದ್ದೇ ಅದಕ್ಕೆ.

"ಅದಕ್ಕೇನು ಗೊತ್ತು?" ಅನ್ನುವಳು. "ಚಳಿ ಇದೆ ಅನ್ನತ್ತೆ, ಸ್ವೆಟರ್ ಹಾಕ್ಕೊಳ್ಳಪ್ಪಾ ಅನ್ನತ್ತಾ?"

ಕಳೆದ ವರ್ಷ ವಸಂತದಲ್ಲಿ ಹಳೇ ರಸ್ತೆಗೂ ಎರಡು ಕಮಾನು ಬಂದವು, ಒಂದು ಅಂಗಡಿಗಿಂತ ಹಿಂದೆ, ಒಂದು ಮುಂದೆ. ಮೇಲೆ ಬೂದು ಬಣ್ಣದ ಕ್ಯಾಮೆರಾಗಳು. ಜೊತೆಗೆ, ಹೊಸ ಹೆದ್ದಾರಿ ಕವಲೊಡೆಯುವ ಕಡೆ, ಯಾವ ದಾರಿ ಹಿಡಿದರೆ ಬೇಗ ಅಂತ ತೋರಿಸುವ ದೊಡ್ಡ ಫಲಕ. ನಮ್ಮಲ್ಲಿ ವೇಗ ಹಿಡಿದು ದಂಡ ಹಾಕುವ ಕ್ಯಾಮೆರಾಕ್ಕೆ ಹಳದಿ ಬಣ್ಣ ಬಳಿದಿರುತ್ತಾರೆ. ಇವು ಬೂದು. ಬೇರೆ ದೇಶದವರಾಗಿದ್ದರೆ ಇವು ದಂಡದ ಕ್ಯಾಮೆರಾ ಅಲ್ಲ ಅಂತ ಅಂದುಕೊಂಡು ಮುಂದೆ ಹೋಗುತ್ತಿದ್ದರೋ ಏನೋ. ನಾವು ಪೋಲೆಂಡಿನವರು. ಸರ್ಕಾರ ಬಣ್ಣ ಬಳಿಯದೇ ಬಿಟ್ಟಿದ್ದರೆ ಅದರಲ್ಲಿ ಏನೋ ಇದೆ ಅಂತಲೇ ನಮಗನಿಸುವುದು.

"ಬಚ್ಚಿಟ್ಕೊಂಡು ಹಿಡಿಯೋಕೆ ಬೂದಿ ಬಣ್ಣ ಮಾಡಿದಾರೆ," ಅಂದಳು ಬ್ರೋನ್ಯಾ. ಅಂದವಳೇ ಮೈಕ್ ಎತ್ತಿಕೊಂಡಳು. "ಕೇಳ್ರಪ್ಪಾ, ಒಲ್ಶಾಂಕಾದಲ್ಲಿ ಎರಡು ಕಮಾನು ಬಂದಿವೆ. ಒಂದರಿಂದ ಇನ್ನೊಂದಕ್ಕೆ ಎಷ್ಟು ಜೋರಾಗಿ ಬಂದ್ರಿ ಅಂತ ಲೆಕ್ಕ ಹಾಕ್ತಾರೆ. ಉದ್ದಕ್ಕೂ ನಿಧಾನ."

ಲಾರಿಗಳು ಮದುವೆ ಮೆರವಣಿಗೆಯ ಹಾಗೆ ತೆವಳತೊಡಗಿದವು. ಒಂದು ವಾರ ಬ್ರೋನ್ಯಾ ಎದೆಯುಬ್ಬಿಸಿಕೊಂಡು ಓಡಾಡಿದಳು. ಎರಡನೇ ವಾರ ಅಂಗಡಿಗೆ ಬರುವವರು ಕಡಿಮೆಯಾದರು. ಮೇ ತಿಂಗಳು ಮುಗಿಯುವ ಹೊತ್ತಿಗೆ ಬ್ರೋನ್ಯಾ, ಲಾರಿ ಬಿಟ್ಟು ಅವಳ ಅಡುಗೆಮನೆ ಸೇರಿದ್ದ ಝೆನೋನ್, ನಾನು, ಮೂವರೂ ಬಾಗಿಲಲ್ಲಿ ನೊಣ ಹೊಡೆಯುತ್ತ ಕೂತಿದ್ದೆವು. ಲಾರಿಗಳೆಲ್ಲ ಹೊಸ ಹೆದ್ದಾರಿ ಹಿಡಿದಿದ್ದವು. ಪಕ್ಕದೂರಿನ ಹಳೇ ಕಾರು ವ್ಯಾಪಾರಿಯೊಬ್ಬ ಅಂಗಡಿಯ ಜಾಗ ಕೇಳಿಕೊಂಡು ಎರಡು ಸಲ ಬಂದುಹೋದ. ಮೊದಲ ಸಲ ಬ್ರೋನ್ಯಾ ಸೌಟು ತೋರಿಸಿ ಓಡಿಸಿದಳು. ಎರಡನೇ ಸಲ ಕೂರಿಸಿ ಚಹಾ ಕೊಟ್ಟಳು. ನನಗೆ ನಿಜವಾಗಿ ಭಯವಾದದ್ದು ಆ ಚಹಾ ನೋಡಿ.

ಹೀಗಿರುವಾಗ ಕೋರ್ನೆಲ್ ಎಂಬ ಇಂಜಿನಿಯರು ಬಂದ. ರಸ್ತೆ ಕಚೇರಿಯವನು, ಸಣ್ಣ ವಯಸ್ಸು, ಒಳ್ಳೆಯ ಹುಡುಗ. ಸಾರು ಕುಡಿದು, ಕಿಟಕಿಯಾಚೆ ನೋಡಿ ತಲೆ ಕೆರೆದುಕೊಂಡ.

"ಅಮ್ಮ, ಈ ರಸ್ತೇಲಿ ದಿನಾ ಭಾರೀ ಜಾಮ್ ಅಂತ ನಮ್ಮ ಯಂತ್ರ ತೋರಿಸ್ತಿದೆ. ಇಲ್ಲಿ ನೋಡಿದ್ರೆ ಕೋಳಿ ಕೂಡ ಅಡ್ಡ ಬರ್ತಿಲ್ಲ."

ಆಗಲೇ ಒಂದು ಲಾರಿ ಬಂತು. ಖಾಲಿ ರಸ್ತೆಯಲ್ಲಿ, ಮೊಟ್ಟೆ ಹೊತ್ತವರ ಹಾಗೆ, ಮೆಲ್ಲಮೆಲ್ಲಗೆ ಸಾಗಿಹೋಯಿತು.

"ಅವನ್ಯಾಕೆ ಹಾಗೆ ಹೋಗ್ತಿದಾನೆ?" ಅಂದ ಕೋರ್ನೆಲ್.

"ನಾನು ಹೇಳಿದೀನಿ," ಅಂದಳು ಬ್ರೋನ್ಯಾ ಹೆಮ್ಮೆಯಿಂದ. "ನಿಮ್ಮ ಕ್ಯಾಮೆರಾ ನಮ್ಮವರ ಹತ್ರ ಒಂದು ಕಾಸೂ ಕೀಳೋಕೆ ಆಗಿಲ್ಲ, ತಿಳ್ಕೊಳ್ಳಿ."

ಕೋರ್ನೆಲ್ ಚಮಚ ಕೆಳಗಿಟ್ಟ. "ಅಮ್ಮ, ಅದು ದಂಡದ ಕ್ಯಾಮೆರಾ ಅಲ್ಲ. ಈ ಕಮಾನಿಂದ ಆ ಕಮಾನಿಗೆ ಬರೋಕೆ ಎಷ್ಟು ಹೊತ್ತಾಯ್ತು ಅಂತ ನೋಡತ್ತೆ, ಅಷ್ಟೆ. ಊಟಕ್ಕೆ ನಿಂತು ತಡ ಆದವರನ್ನ ಬಿಟ್ಟುಬಿಡತ್ತೆ. ಎಲ್ಲರೂ ತಡ ಆದ್ರೆ ಜಾಮ್ ಆಗಿದೆ ಅಂದ್ಕೊಂಡು, ಹಿಂದೆ ಬರೋರಿಗೆಲ್ಲ ಹೊಸ ಹೆದ್ದಾರಿ ಹಿಡೀರಿ ಅಂತ ಫಲಕದಲ್ಲಿ ಹೇಳತ್ತೆ."

ಅಡುಗೆಮನೆಯಲ್ಲಿ ಝೆನೋನ್ ಆಲೂಗೆಡ್ಡೆ ಸುಲಿಯುವುದನ್ನು ನಿಲ್ಲಿಸಿದ. ನನಗೆ ನಗು ಬಂತು, ಸಿಟ್ಟೂ ಬಂತು, ಎರಡೂ ಒಟ್ಟಿಗೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಇಲ್ಲಿ ಮಾಡಿದವಳು ಅವಳು, ಉಣ್ಣಬೇಕಾದವರಲ್ಲಿ ನಾನೂ ಒಬ್ಬ.

"ಹಾಗಾದ್ರೆ ಯಂತ್ರಕ್ಕೆ ಬುದ್ಧಿ ಹೇಳಪ್ಪ," ಅಂದಳು ಬ್ರೋನ್ಯಾ ಸಣ್ಣ ದನಿಯಲ್ಲಿ.

"ಹೇಳ್ಬೇಕು ಅಂದ್ರೆ ಮೇಲಿನವರು ಒಪ್ಪಬೇಕಮ್ಮ. ಅಷ್ಟರಲ್ಲಿ ಚಳಿಗಾಲ ಬರತ್ತೆ. ನೀವು ನಿಮ್ಮವರಿಗೆ ಬುದ್ಧಿ ಹೇಳೋದೇ ಸುಲಭ."

ಚಳಿಗಾಲದವರೆಗೆ ಅಂಗಡಿ ಎಲ್ಲಿ ಉಳಿಯುತ್ತಿತ್ತು? ಅವಳು ಆಗಲೇ ಮೈಕ್ ಹಿಡಿದಳು. "ಕೇಳ್ರಪ್ಪಾ, ನಾನು ಬ್ರೋನ್ಯಾ. ಕಮಾನಿನ ಬಗ್ಗೆ ನಾನು ಹೇಳಿದ್ದು ತಪ್ಪು. ಅದು ಯಾರಿಗೂ ದಂಡ ಹಾಕಲ್ಲ. ಹೆದರದೆ ಸರಿಯಾದ ವೇಗದಲ್ಲಿ ಬನ್ನಿ."

ರೇಡಿಯೊದಲ್ಲಿ ಕೊಕ್ಕರೆಯ ದನಿ ಪಿಸುಗುಟ್ಟಿತು. "ಅಕ್ಕ, ಪಕ್ಕದಲ್ಲಿ ಕರಡಿ ಕೂತಿದ್ಯಾ? ಮಾತಾಡಬೇಡ. ಕೂತಿದ್ರೆ ಒಂದು ಸಲ ಕೆಮ್ಮು, ಸಾಕು."

ಬ್ರೋನ್ಯಾ ಕೆಮ್ಮಲಿಲ್ಲ. ಕೆಮ್ಮಿದ್ದು ಝೆನೋನ್. ಸಿಗರೇಟು ಬಿಟ್ಟೆ ಅಂತ ಬಡಾಯಿ ಕೊಚ್ಚಿದ ದಿನದಿಂದ ಅವನು ಅದನ್ನೇ ಕದ್ದು ಸೇದುತ್ತಾನೆ, ಕೆಮ್ಮು ಕೇಳಿಕೊಂಡು ಬರುವುದಿಲ್ಲ. ಆ ಸಂಜೆ ಬಂದ ನಾಲ್ಕು ಲಾರಿಗಳಿಗಿಂತ ನನ್ನ ಅಜ್ಜಿ ಊರುಗೋಲು ಹಿಡಿದು ಬೇಗ ನಡೆಯುತ್ತಿದ್ದಳು.

"ನಿಜ ಹೇಳಿದ್ರೆ ಯಾರೂ ನಂಬಲ್ವಲ್ಲೋ," ಅಂದಳು ಬ್ರೋನ್ಯಾ ನನಗೆ.

"ಅತ್ತಿಗೆ, ಸರ್ಕಾರದ ವಿಷಯದಲ್ಲಿ ಒಳ್ಳೇ ಸುದ್ದಿ ಹೇಳಿದ್ರೆ ನಮ್ಮಲ್ಲಿ ಯಾರು ನಂಬಿದಾರೆ? ಕೆಟ್ಟ ಸುದ್ದಿ ಹೇಳು, ನಂಬ್ತಾರೆ."

ನಾನು ತಮಾಷೆಗೆ ಅಂದದ್ದು. ಅವಳು ಅದನ್ನು ಎರಡು ದಿನ ಮೆಲುಕು ಹಾಕಿದಳು. ಮೂರನೇ ದಿನ ಕಾರು ವ್ಯಾಪಾರಿ ಅಳತೆ ಟೇಪು ಹಿಡಿದು ಬಂದು, ಅವಳ ಒಲೆ ಇದ್ದ ಗೋಡೆ ಅಳೆದು ಹೋದ. ಅವನ ಬೆನ್ನು ಮರೆಯಾದ ಕೂಡಲೇ ಬ್ರೋನ್ಯಾ ಶಿಲುಬೆ ಗುರುತು ಮಾಡಿಕೊಂಡು ಮೈಕ್ ಎತ್ತಿದಳು.

"ಕೇಳ್ರಪ್ಪಾ, ಈಗ ತಾನೇ ಗೊತ್ತಾಯ್ತು. ಆ ಕಮಾನಿನ ಕ್ಯಾಮೆರಾ ಹಿಡಿಯೋದು ಜೋರಾಗಿ ಹೋಗೋರನ್ನಲ್ಲ. ನಿಧಾನಕ್ಕೆ ಹೋಗೋರನ್ನ. ಎಪ್ಪತ್ತಕ್ಕೆ ಹೋಗಬೇಕು, ಕಮ್ಮಿ ಆದ್ರೆ ದಂಡ."

"ಥೂ, ಹಾಳಾದವರು," ಅಂದಿತು ಕೊಕ್ಕರೆಯ ದನಿ. "ಇನ್ನು ನಿಂತಿದ್ದಕ್ಕೂ ದುಡ್ಡು ಕೇಳ್ತಾರೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಮರುದಿನದಿಂದ ಎಲ್ಲರೂ ಎಪ್ಪತ್ತು ಅಂದರೆ ಎಪ್ಪತ್ತು. ಯಂತ್ರಕ್ಕೆ ಜಾಮ್ ಕರಗಿದಂತೆ ಕಂಡಿತು, ಫಲಕ ಹಳೇ ರಸ್ತೆಯೇ ಬೇಗ ಅಂದಿತು. ಜೂನ್ ಮುಗಿಯುವುದರೊಳಗೆ ಅಂಗಡಿಯ ಮುಂದೆ ಲಾರಿ ನಿಲ್ಲಿಸಲು ಜಾಗವಿರಲಿಲ್ಲ. ನಾನು ಟೈರು ಉರುಳಿಸುತ್ತ ಈ ದಡ್ಡರನ್ನು ನೆನೆದು ಮನಸಾರೆ ನಕ್ಕೆ.

ಬ್ರೋನ್ಯಾ ಮಾತ್ರ ನಗಲಿಲ್ಲ. ಸಾರಿಗೆ ಎರಡೆರಡು ಸಲ ಉಪ್ಪು ಹಾಕುವಳು. ರೇಡಿಯೊ ಕರೆದರೆ ಝೆನೋನನನ್ನು ಮುಂದೆ ತಳ್ಳುವಳು. ಕೊನೆಗೆ ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳಲು ಹೋದಳು. ಅಲ್ಲಿ ಆದದ್ದನ್ನು ಅವಳೇ ನಮಗೆ ಹೇಳಿದಳು. ಪಾದ್ರಿಯ ಕಾರಿನಲ್ಲೂ ರೇಡಿಯೊ ಇತ್ತಂತೆ. "ಹಾಗಾದ್ರೆ ನಾನು ಸುಮ್ಸುಮ್ನೆ ಎಪ್ಪತ್ತಕ್ಕೆ ಓಡಿಸ್ತಿದೀನಾ?" ಅಂತ ನಿಟ್ಟುಸಿರು ಬಿಟ್ಟು, "ಯಾರಿಗೆ ಸುಳ್ಳು ಹೇಳಿದೆಯೋ ಅವರಿಗೇ ನಿಜ ಹೇಳು" ಅಂದರಂತೆ.

"ಹುಚ್ಚೇನು ಅತ್ತಿಗೆ?" ಅಂದೆ. "ಮತ್ತೆ ತೆವಳೋಕೆ ಶುರು ಮಾಡ್ತಾರೆ. ಅಂಗಡಿ ಹೋಗತ್ತೆ."

"ಹೋಗ್ಲಿ. ಅಂಗಡಿ ಉಳ್ಸೋಕೆ ಹೋಗಿ ನನ್ ಬಾಯಿ ಹಾಳಾಯ್ತು. ನಾಳೆ ನಿಜವಾಗ್ಲೂ ಮಂಜು ಕವಿದಾಗ ನನ್ ಮಾತು ಯಾರು ಕೇಳ್ಬೇಕು?"

ಊಟದ ಹೊತ್ತು, ಅಂಗಡಿ ತುಂಬಿತ್ತು. ಅವಳು ಮೈಕ್ ಹಿಡಿದಳು. "ಕೇಳ್ರಪ್ಪಾ. ಕಮಾನಿನ ವಿಷಯದಲ್ಲಿ ನಾನು ಬೇಕಂತಲೇ ಸುಳ್ಳು ಹೇಳಿದೆ. ನಿಧಾನಕ್ಕೆ ಹೋದ್ರೂ ದಂಡ ಇಲ್ಲ, ಜೋರಾಗಿ ಹೋದ್ರೂ ಇಲ್ಲ. ನೀವು ತೆವಳ್ತಿದ್ರೆ ನನ್ ಅಂಗಡಿಗೆ ಯಾರೂ ಬರ್ತಿರ್ಲಿಲ್ಲ, ಅದಕ್ಕೆ. ತಪ್ಪಾಯ್ತು."

ಕಡುಬಿನಂಥ ಪಿಯೆರೋಗಿ ತಿನ್ನುತ್ತಿದ್ದವರು ತಟ್ಟೆ ನೋಡುತ್ತ ಕೂತರು. ನಾನು ಮನಸ್ಸಿನಲ್ಲೇ ಪಂಕ್ಚರ್ ಅಂಗಡಿಗೆ ಬೀಗ ಹಾಕಿದೆ.

"ಗೊತ್ತಿತ್ತಕ್ಕ," ಅಂದಿತು ಕೊಕ್ಕರೆಯ ದನಿ.

"ಏನು ಗೊತ್ತಿತ್ತು?"

"ನಿಧಾನಕ್ಕೆ ಹೋದ್ರೆ ದಂಡ ಹಾಕೋ ಕ್ಯಾಮೆರಾ ಲೋಕದಲ್ಲೆಲ್ಲಾದ್ರೂ ಇರತ್ತಾ? ನಾವೇನು ಅಷ್ಟು ದಡ್ಡರಾ? ಬ್ರೋನ್ಯಾ ಅಕ್ಕ ಸುಳ್ಳು ಹೇಳ್ತಿದಾಳೆ ಅಂದ್ರೆ ಏನೋ ದೊಡ್ಡ ಕಷ್ಟದಲ್ಲಿದಾಳೆ ಅಂತ ನಾವು ನಾವೇ ಮಾತಾಡ್ಕೊಂಡ್ವಿ. ಏನು ಅಂತ ಗೊತ್ತಾಗ್ಲಿಲ್ಲ. ಎಪ್ಪತ್ತಕ್ಕೆ ಹೋಗಿ ಅಂದೆ, ಹೋದ್ವಿ."

ಬ್ರೋನ್ಯಾ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಳು. ಒಳಗಿಂದ ಝೆನೋನ್ ಬಂದು ಅವಳ ಕೈಯಿಂದ ಮೈಕ್ ಬಿಡಿಸಿಕೊಂಡ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಅಂಗಡಿಗೆ ಹೋಗಿ ಗಾಳಿ ಸರಿಯಿದ್ದ ಟೈರಿಗೇ ಇನ್ನೊಂದು ಸಲ ಗಾಳಿ ಹಾಕುತ್ತ ಕೂತೆ. ಹೊರಗೆ ಲಾರಿಗಳು ಎಪ್ಪತ್ತಕ್ಕೇ ಬರುತ್ತಿದ್ದವು.