ಕಿವಿ ಮೇಸ್ತ್ರಿ ಆರಿಸಿದ ಡಿಫರೆನ್ಷಿಯಲ್

ನಾನು ಪಾಠ ಮಾಡುತ್ತಿದ್ದ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು, ಹೊರಗೆ ನಡೆದು ಬರುತ್ತಿರುವವರು ಯಾರೆಂಬುದನ್ನು ಬೂಟಿನ ಸದ್ದಿನಿಂದಲೇ ಹೇಳುತ್ತಿದ್ದ ಹುಡುಗ ಅವನು. ವ್ಯಾಕರಣ ಅವನ ತಲೆಗೆ ಹತ್ತಲಿಲ್ಲ. ಆದರೆ ಆ ಕಿವಿಯೇ ಮುಂದೆ ಅನ್ನ ಕೊಟ್ಟಿತು. ಗ್ಯಾರೇಜಿಗೆ ಕಾರು ಬಂದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ, “ಮೂರನೇ ಬೇರಿಂಗು” ಎನ್ನುತ್ತಿದ್ದ. ಬಿಚ್ಚಿದರೆ ಮೂರನೆಯದೇ. ಜನ ಅವನನ್ನು ಕಿವಿ ಮೇಸ್ತ್ರಿ ಎಂದರು.

ಐವತ್ತು ದಾಟಿದ ಮೇಲೆ ಆ ಕಿವಿ ಮೆಲ್ಲಗೆ ಕೈಕೊಟ್ಟಿತು. ಅವನು ಯಾರಿಗೂ ಹೇಳಲಿಲ್ಲ. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಿದ್ದ. ಸ್ಕ್ರೂಡ್ರೈವರು ಬೆರಳಿಗೆ ತಾಗಿಸುವ ಅದುರಿಕೆಯಿಂದ ರೋಗ ಊಹಿಸುತ್ತಿದ್ದ. ಗ್ಯಾರೇಜಿನಲ್ಲಿ ಜೊತೆಗೆ ದುಡಿಯುತ್ತಿದ್ದ ಭಾವಮೈದುನನಿಗೆ ಮಾತ್ರ ಗುಮಾನಿಯಿತ್ತು.

ಆಗಲೇ ಒಬ್ಬ ಬಿಲ್ಡರು ತನ್ನ ಕೆಂಪು ಸ್ಪೋರ್ಟ್ಸ್ ಕಾರನ್ನು ತಂದ. ಐನೂರು ಕುದುರೆಗಳ ಶಕ್ತಿಯ ಗಾಡಿ. ರೇಸಿನ ತಿರುವಿನಲ್ಲಿ ಒಳಬದಿಯ ಹಿಂದಿನ ಚಕ್ರ ನೆಲಬಿಟ್ಟು ಏಳುತ್ತದೆ, ಶಕ್ತಿಯೆಲ್ಲ ಅದಕ್ಕೇ ಹರಿದು ಅದು ಗಾಳಿಯಲ್ಲಿ ಸುಮ್ಮನೆ ಸುತ್ತುತ್ತದೆ, ಕಾರು ಮುಂದೆ ಹೋಗುವುದಿಲ್ಲ ಎಂದು ಬಿಡಿಸಿ ಹೇಳಿದ. ಇದಕ್ಕೆ ಮದ್ದು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಶಕ್ತಿಯೆಲ್ಲ ಒಂದೇ ಚಕ್ರಕ್ಕೆ ಹರಿಯದಂತೆ ತಡೆಯುವ ಸಾಧನ. ಅದರಲ್ಲಿ ಎರಡು ಬಗೆ. ಗೇರಿನದು ಸದ್ದಿಲ್ಲದ್ದು, ಬಾಳಿಕೆಯದು, ರಸ್ತೆಗೆ ಹೇಳಿಮಾಡಿಸಿದ್ದು. ಆದರೆ ಚಕ್ರ ಮೇಲೆದ್ದರೆ ಕೈಚೆಲ್ಲುತ್ತದೆ. ಪ್ಲೇಟಿನದು ಆಗಲೂ ಹಿಡಿತ ಬಿಡದು. ಆದರೆ ಜೋಡಿಸಿದ ಮೇಲೆ ಕಾರನ್ನು ನಿಧಾನವಾಗಿ ಗುಂಡಗೆ ಓಡಿಸಿ, ಪ್ಲೇಟುಗಳು ನರಳುವ ಸದ್ದು ಕೇಳಿ ಅದರ ಬಿಗಿಯನ್ನು ಹದಕ್ಕೆ ತರಬೇಕು.

ಪ್ಲೇಟಿನದೇ ಬೇಕೆಂಬುದು ಮೇಸ್ತ್ರಿಗೆ ಆ ಕ್ಷಣವೇ ತಿಳಿಯಿತು. ಆ ನರಳಿಕೆ ತನಗೆ ಕೇಳಿಸದೆಂಬುದೂ ತಿಳಿಯಿತು.

“ಗೇರಿನದೇ ಹಾಕೋಣ ಸಾರ್. ಪ್ಲೇಟಿನದು ಸದ್ದು ಮಾಡುತ್ತೆ, ನಿಮಗೆ ಕಿರಿಕಿರಿ.”

“ನೀನು ಹೇಳಿದ ಮೇಲೆ ಮುಗೀತು” ಎಂದ ಬಿಲ್ಡರು. ಈ ಮಾತು ಇವತ್ತಿಗೂ ಎದೆಗೆ ಚುಚ್ಚುತ್ತದೆಂದು ಮೇಸ್ತ್ರಿ ನನ್ನಲ್ಲಿ ಹೇಳಿದ್ದಾನೆ.

ರೇಸಿನಲ್ಲಿ ಅದೇ ತಿರುವು, ಅದೇ ಚಕ್ರ, ಅದೇ ಹಾಡು. ಕೆಂಪು ಕಾರು ಎಲ್ಲರಿಗಿಂತ ಹಿಂದೆ ಬಂತು. ಮರುದಿನ ಬೆಳಿಗ್ಗೆ ಬಿಲ್ಡರು ಗ್ಯಾರೇಜಿನಲ್ಲಿ ನಿಂತು, ಚಕ್ರ ಏಳುವ ವಿಷಯ ಮೊದಲೇ ಹೇಳಿರಲಿಲ್ಲವೇ ಎಂದು ಕೇಳಿದ. ಮೇಸ್ತ್ರಿ ಕೈಬಟ್ಟೆಯಿಂದ ಗ್ರೀಸು ಒರೆಸಿಕೊಳ್ಳುತ್ತ, ಮಾಲಿನಲ್ಲೇ ಏನೋ ದೋಷವಿರಬೇಕೆಂದ. ತಪ್ಪಿನ ಮೇಲೆ ಸುಳ್ಳು.

ಭಾವಮೈದುನ ಅವನ ಬೆನ್ನ ಹಿಂದೆ ಬಂದು ನಿಂತ. ಬಿಲ್ಡರಿಗೆ ಕಣ್ಣು ಮಿಟುಕಿಸಿ, ಗಟ್ಟಿಯಾಗಿಯೇ ಹೇಳಿದ:

“ಭಾವ, ನಿಮ್ಮ ಕಾಲ ಹತ್ರ ಹಾವು.”

ಮೇಸ್ತ್ರಿ ಬೆರಳಸಂದಿಯ ಗ್ರೀಸು ಒರೆಸುತ್ತಲೇ ಇದ್ದ. ಟೈರು ಬಿಚ್ಚುತ್ತಿದ್ದವರು ನಕ್ಕರು, ಬಿಲ್ಡರೂ ನಕ್ಕ. ಎಲ್ಲರ ಬಾಯಿ ಅರಳಿದ್ದನ್ನು ಕಂಡು, ಏನೋ ತಮಾಷೆ ನಡೆದಿರಬೇಕೆಂದು, ಪಾಪ, ಅವನೂ ನಕ್ಕ. ಬಿಲ್ಡರು ನಗು ನಿಲ್ಲಿಸಿ ತನ್ನ ಕಿವಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದಾಗಲೇ ಅವನಿಗೆ ಅರ್ಥವಾದದ್ದು.

ಪ್ಲೇಟಿನದನ್ನು ಭಾವಮೈದುನನೇ ಜೋಡಿಸಿದ. ಕಾರು ಅಂಗಳದಲ್ಲಿ ಗುಂಡಗೆ ಸುತ್ತುತ್ತಿದ್ದಾಗ ಮೇಸ್ತ್ರಿ ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದನಂತೆ.

“ಕಿವಿ ಹೋಗಿದೆ ಅಂದಿದ್ರೆ ಅಯ್ಯೋ ಅಂತಿದ್ರು ಮೇಷ್ಟ್ರೇ” ಎಂದ ನನ್ನೆದುರು. “ಗೊತ್ತಿದ್ದೂ ತಪ್ಪು ಹೇಳಿದೆ. ಈಗ ಅಯ್ಯೋ ಅನ್ನೋರೂ ಇಲ್ಲ.”

ಏನನ್ನಾದರೂ ಹೇಳಿ ಸಮಾಧಾನ ಮಾಡಬೇಕೆನಿಸಿತು. ಕೂಗಿ ಹೇಳುವಂಥ ಸಮಾಧಾನ ನನ್ನಲ್ಲಿರಲಿಲ್ಲ.

ಬೀದಿಯವರು ಈಗಲೂ ಅವನನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಾರೆ. ಬೆನ್ನ ಹಿಂದಿನಿಂದ, ತಿರುಗುತ್ತಾನೋ ಇಲ್ಲವೋ ನೋಡುವುದಕ್ಕೆ.